ಗದ್ದೆಯಿಂದ ಸೀಸೆಗೆ ಬಂದ ಮೀನು

ಬ್ಯಾಂಕಾಕಿನ ಚತುಚಕ್ ಸಂತೆಗೆ ಮಕ್ಕಳನ್ನು ಕರೆದೊಯ್ದರೆ ಮೀನಿನ ಅಂಗಡಿಗಳಿಂದ ಎಬ್ಬಿಸಿಕೊಂಡು ಬರುವುದು ಕಷ್ಟ. ಸಾಲಾಗಿ ಸೀಸೆಗಳು, ಒಂದೊಂದರಲ್ಲಿ ಒಂದೇ ಮೀನು. ನೀಲಿ, ಕೆಂಪು, ಬಿಳಿ. ಸೀಸೆಗಳ ನಡುವೆ ರಟ್ಟಿನ ತುಂಡು. ಅದನ್ನು ಸರಿಸಿದರೆ ಎರಡೂ ಗಂಡುಗಳು ಕಿವಿರು ಅಗಲಿಸಿ, ಈಜುರೆಕ್ಕೆ ಬಿಚ್ಚಿ ಜಗಳಕ್ಕೆ ನಿಲ್ಲುತ್ತವೆ. ಥಾಯ್ ಭಾಷೆಯಲ್ಲಿ ಇದು 'ಪ್ಲಾ ಕಟ್', ಎಂದರೆ ಕಚ್ಚುವ ಮೀನು. ನಮ್ಮ ಅಂಗಡಿಗಳಲ್ಲಿ ಫೈಟರ್. ಇನ್ನೊಂದು ಹೆಸರು ಬೆಟ್ಟಾ. ಉದ್ದ ಮಾತ್ರ ಹೆಬ್ಬೆರಳಿನಷ್ಟು! 2019ರಲ್ಲಿ ಥಾಯ್ಲೆಂಡ್ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು.

"ತಾತಾ, ಇಷ್ಟು ಚಿಕ್ಕ ಸೀಸೆ ಸಾಕಾಗತ್ತಾ ಅದಕ್ಕೆ?" ಎಂದಳು ಮೊಮ್ಮಗಳು.

ಉತ್ತರ ಸಿಕ್ಕಿದ್ದು ಮರುದಿನ, ನಗರದ ಪಶ್ಚಿಮಕ್ಕಿರುವ ನಖೋನ್ ಪಥೋಮ್ ದಾರಿಯಲ್ಲಿ. ಈ ಮೀನಿನ ಮೂಲ ಮನೆ ಭತ್ತದ ಗದ್ದೆ, ಜೌಗು, ಹುಲ್ಲು ಬೆಳೆದ ಕಾಲುವೆ. ಅಲ್ಲಿ ನೀರು ಆಳವಿಲ್ಲ, ನಿಜ. ಆದರೆ ಕಣ್ಣು ಹಾಯುವಷ್ಟು ಅಗಲ! ಜಗಳದಲ್ಲಿ ಸೋತ ಮೀನು ಓಡಿಹೋಗಿ ಹುಲ್ಲಿನಲ್ಲಿ ಅಡಗಬಹುದು. ಮೂವತ್ತೇಳು ವರ್ಷ ಬ್ಯಾಂಕಿನ ಇಕ್ಕಟ್ಟಾದ ಕೌಂಟರಿನಲ್ಲಿ ಕೂತವನು ನಾನು. ಆದರೂ ಸಂಜೆ ಎದ್ದು ಮನೆಗೆ ಬರುತ್ತಿದ್ದೆ. ಸೀಸೆಯ ಮೀನಿಗೆ ಆ ಸಂಜೆಯೂ ಇಲ್ಲ.

ಬೆಟ್ಟಾದ ತಲೆಯಲ್ಲಿ ಗಾಳಿಯಿಂದಲೇ ಆಮ್ಲಜನಕ ಹೀರುವ ವಿಶೇಷ ಅಂಗವಿದೆ. ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಹೋಗುತ್ತದೆ. ಹಾಗಾಗಿ ಸೀಸೆಯಲ್ಲೂ ಕೆಲವು ದಿನ ತಡೆದುಕೊಳ್ಳುತ್ತದೆ. ಅದನ್ನೇ ಜನ ಸುಖವೆಂದು ತಿಳಿಯುತ್ತಾರೆ. ಅದರ ಕಸದಿಂದ ಹುಟ್ಟುವ ಅಮೋನಿಯ ಸ್ವಲ್ಪ ನೀರಿನಲ್ಲಿ ಬೇಗ ಹೆಚ್ಚಿ ಕಿವಿರನ್ನು ಸುಡುತ್ತದೆ.

ಮಕ್ಕಳೇ, ಒಂದು ಮೀನಿಗೆ 15–20 ಲೀಟರ್ ನೀರು ಹಿಡಿಯುವ ತೊಟ್ಟಿ ಇರಲಿ. ಮುಚ್ಚಳ ಬೇಕು, ಇದು ಹಾರುವ ಮೀನು. ಆದರೆ ನೀರಿನ ಮೇಲೆ ಗಾಳಿಗೆ ಜಾಗ ಬಿಡಿ. ಅಡಗಲು ನಾಲ್ಕು ಗಿಡ. ಮೆಲ್ಲಗೆ ಓಡುವ ಫಿಲ್ಟರ್, ಏಕೆಂದರೆ ಉದ್ದ ರೆಕ್ಕೆ ಹೊತ್ತು ರಭಸಕ್ಕೆ ಎದುರು ಈಜಲಾರದು. ನೀರು 25ರಿಂದ 28 ಡಿಗ್ರಿ ಇರಬೇಕು. ಬ್ಯಾಂಕಾಕಿನ ಸೆಖೆಯಲ್ಲಿ ಚಿಂತೆಯಿಲ್ಲ. ಬೆಂಗಳೂರಿನ ಜನವರಿ ರಾತ್ರಿಗೆ ಪುಟ್ಟ ಹೀಟರ್ ಬೇಕೇ ಬೇಕು. ನಲ್ಲಿ ನೀರನ್ನು ಕ್ಲೋರಿನ್ ತೆಗೆಯುವ ಹನಿ ಹಾಕಿಯೇ ಸುರಿಯಿರಿ. ವಾರಕ್ಕೊಮ್ಮೆ ಕಾಲುಭಾಗ ಬದಲಿಸಿದರೆ ಸಾಕು. ಪೂರ್ತಿ ಚೆಲ್ಲಿ, ಫಿಲ್ಟರನ್ನು ನಲ್ಲಿ ಕೆಳಗೆ ಉಜ್ಜಿ ತೊಳೆದರೆ ಅಮೋನಿಯವನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಹೋಗುತ್ತವೆ.

ಮೊಮ್ಮಗಳು ಊರಿಗೆ ಬಂದು ಮೊದಲು ತೊಟ್ಟಿ ಕೊಡಿಸಿಕೊಂಡಳು. ಮೀನು ಬಂದದ್ದು ತಿಂಗಳ ಮೇಲೆ, ನೀರು ಹದಕ್ಕೆ ಬಂದ ನಂತರ.

ಸಂತೆಯಲ್ಲಿ ಒಣಗಿದ ಕಾಡುಬಾದಾಮಿ ಎಲೆಯ ಕಟ್ಟುಗಳನ್ನೂ ಮಾರುತ್ತಿದ್ದರು. ನೀರಿಗೆ ಹಾಕಿದರೆ ಚಹಾ ಬಣ್ಣ ಬಿಟ್ಟು ಗದ್ದೆ ನೀರಿನಂತಾಗುತ್ತದೆ. ಅದೇ ಎಲೆಯನ್ನು ನಮ್ಮ ಬೀದಿಯಲ್ಲಿ ಬೆಳಿಗ್ಗೆ ಗುಡಿಸಿ ರಾಶಿ ಹಾಕುತ್ತಾರೆ. ಈಗ ಮೊಮ್ಮಗಳು ಅದರಲ್ಲಿ ಹುಳುವಿಲ್ಲದ್ದನ್ನು ಆರಿಸಿ ತೊಳೆದು ಒಣಗಿಸುತ್ತಾಳೆ.