ಹಗಲು ಗುಮ್ಮ

ನಮ್ಮ ಕಡೆ ಮಕ್ಕಳು ಹಟ ಮಾಡಿದರೆ ತಾಯಂದಿರು ಗುಮ್ಮನನ್ನು ಕರೆಯುತ್ತಾರೆ. ಗುಮ್ಮ ಬರಲು ರಾತ್ರಿಯಾಗಬೇಕು, ಬಂದರೂ ಯಾರಿಗೂ ಕಾಣುವುದಿಲ್ಲ. ನಮ್ಮ ಅಕ್ಕ ಹಾಗಲ್ಲ. ಬಿಳಿ ಸೀರೆ ಉಟ್ಟು, ಹೆಗಲಿಗೆ ಲಸಿಕೆ ಡಬ್ಬಿ ಏರಿಸಿ, ಹಾಡಹಗಲೇ, ಅದೂ ಸರ್ಕಾರದ ಸಂಬಳದ ಮೇಲೆ ಬರುತ್ತಿದ್ದಳು. "ನರ್ಸಬಾಯಿ ಬಂದ್ಲು" ಎಂಬ ಸುದ್ದಿ ಅವಳು ಅಗಸಿ ದಾಟುವ ಮೊದಲೇ ಊರೊಳಗೆ ಮುಟ್ಟಿರುತ್ತಿತ್ತು. ತಿಪ್ಪೆಯ ಹಿಂದೆ, ಬಣವೆಯ ಸಂದಿಯಲ್ಲಿ, ದನದ ಗೋದಲಿಯಲ್ಲಿ ಮಕ್ಕಳು ಅಡಗುತ್ತಿದ್ದರು. ಅವಳು ಒಬ್ಬೊಬ್ಬರನ್ನೇ ಹುಡುಕಿ ತೆಗೆಯುತ್ತಿದ್ದಳು. ತಮ್ಮಂದಿರನ್ನು ಸಾಕಿದ ಅನುಭವ ಅಲ್ಲಿ ಕೆಲಸಕ್ಕೆ ಬಂತು.

ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ನಾವೆಲ್ಲ ರಾಯಚೂರು ಜಿಲ್ಲೆಯವರು. ಜಿಲ್ಲೆ ಒಡೆದರೂ ಅಕ್ಕನ ವರ್ಗಾವಣೆ ನಿಲ್ಲಲಿಲ್ಲ, ಆಗಿದ್ದ ನಾಲ್ಕೂ ತಾಲ್ಲೂಕಿನ ಮಣ್ಣು ಅವಳ ಚಪ್ಪಲಿಗೆ ಹತ್ತಿತು. ಯಲಬುರ್ಗಾದ ಎರೆಮಣ್ಣಂತೂ ಮಳೆಗಾಲದಲ್ಲಿ ಚಪ್ಪಲಿಯನ್ನೇ ಇಟ್ಟುಕೊಂಡು ಬಿಡುತ್ತಿತ್ತು. ಗಂಗಾವತಿಯ ಭತ್ತದ ಗದ್ದೆಗಳ ನಡುವಿನ ಕ್ಯಾಂಪುಗಳಲ್ಲಿ, ತುಂಗಭದ್ರಾ ಕಾಲುವೆ ನೀರಿನ ಹಿಂದೆ ಆಂಧ್ರದಿಂದ ಬಂದು ನೆಲೆಸಿದವರ ಮಕ್ಕಳಿಗೆ ಸೂಜಿ ಮಾಡಬೇಕಿತ್ತು. ಅವಳಿಗೆ ಬರುತ್ತಿದ್ದ ತೆಲುಗು "ಭಯಪಡಕು" ಅಂತ ಒಂದೇ. ಅದನ್ನು ಎಷ್ಟು ಗದರಿಸಿ ಹೇಳುತ್ತಿದ್ದಳೆಂದರೆ ಮಗು ಸೂಜಿ ಕಾಣುವ ಮೊದಲೇ ಅಳಲು ಶುರು ಮಾಡುತ್ತಿತ್ತು.

ಕೊಪ್ಪಳದಲ್ಲಿದ್ದಾಗ ಗವಿಮಠದ ಜಾತ್ರೆಯಲ್ಲಿ ಪ್ರಥಮ ಚಿಕಿತ್ಸೆಯ ಡ್ಯೂಟಿ. ದಾಸೋಹದಲ್ಲಿ ಮಿರ್ಚಿ ಬಡಿಸಿದ ದಿನ ಹೊಟ್ಟೆ ಹಿಡಿದುಕೊಂಡವರ ಸಾಲೇ ಬೇರೆ.

"ಎಷ್ಟು ತಿಂದೀಯಪಾ?"

"ಪ್ರಸಾದ ರೀ ಅಕ್ಕೋರ, ಲೆಕ್ಕ ಹಾಕಬಾರದು."

ಅಕ್ಕ ಗುಳಿಗೆಯನ್ನು ಮಾತ್ರ ಲೆಕ್ಕ ಹಾಕಿ ಕೊಡುತ್ತಿದ್ದಳು.

ಮೊದಲೆಲ್ಲ ಗಾಜಿನ ಸಿರಿಂಜು. ಒಮ್ಮೆ ಚುಚ್ಚಿ ಬಿಸಾಕುವ, ತಾನೇ ಲಾಕ್ ಆಗುವ ಸಿರಿಂಜು ಲಸಿಕೆಗೆ ಬಂದದ್ದು 2005ರ ಆಸುಪಾಸು. ಅಲ್ಲಿವರೆಗೆ ಕುದಿಸುವುದೇ ಕೆಲಸ. ಅಕ್ಕನ ಬಾಡಿಗೆ ಮನೆಯಲ್ಲಿದ್ದದ್ದು ಸೀಮೆಎಣ್ಣೆಯ ಸ್ಟೋವ್ ಒಂದೇ. ಬೆಳಗಾದರೆ ಮೊದಲು ಸಿರಿಂಜು ಕುದಿಯಬೇಕು, ಆಮೇಲೆ ನಮ್ಮ ಚಹಾ. ಅವಸರ ಮಾಡಿದರೆ, "ಚಹಾ ತಡ ಆದ್ರ ಯಾರೂ ಸಾಯಂಗಿಲ್ಲೋ" ಅನ್ನುತ್ತಿದ್ದಳು.

ಕುಷ್ಟಗಿಯ ಕತೆ ಇನ್ನೊಂದು. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗುಳೆ ಹೊರಡುವ ಸೀಮೆ ಅದು. ಮಂಗಳೂರು, ಗೋವಾ, ಬೆಂಗಳೂರು ಅಂತ ಗಂಟುಮೂಟೆ ಕಟ್ಟಿದವರ ಬಗಲಲ್ಲಿ ಹಸುಗೂಸು ಇದ್ದೇ ಇರುತ್ತಿತ್ತು. ಮೂರನೆಯ ಡೋಸು ಬಾಕಿ ಉಳಿದ ಕೂಸು ಗೋವಾಕ್ಕೆ ಹೋಯಿತೆಂದರೆ ಅಕ್ಕನಿಗೆ ಊಟ ಸೇರದು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ರಾತ್ರಿ ಬಸ್ಸಿನ ಕಿಟಕಿ ಕಿಟಕಿ ಇಣುಕಿ ಕೂಸು ಹುಡುಕುತ್ತಿದ್ದಳು. ಹೊಸ ಕಂಡಕ್ಟರೊಬ್ಬ ಇವಳನ್ನು ಮಕ್ಕಳ ಕಳ್ಳಿಯೆಂದೇ ಅನುಮಾನಿಸಿದ್ದ. ಪಲ್ಸ್ ಪೋಲಿಯೊ ಶುರುವಾದ 1995ರ ನಂತರ ಅಲ್ಲಿಯೇ ಬೂತ್ ಬಂತು, ಎಡಗೈಯ ಕಿರುಬೆರಳಿಗೆ ಶಾಯಿ ಹಚ್ಚುವುದೂ ಬಂತು. ಭಾರತ ಪೋಲಿಯೊ ಮುಕ್ತ ಎಂದು 2014ರಲ್ಲಿ ಸಾರಿದಾಗ ನಾನು ಸಿಹಿ ತೆಗೆದುಕೊಂಡು ಹೋದರೆ, "ಹಂಗಂತ ಹನಿ ಹಾಕ್ಸೋದು ಬಿಟ್ಟೀರಿ ಮತ್ತ" ಎಂದು ಬೈದೇ ಬಾಯಿಗೆ ಹಾಕಿಕೊಂಡಳು.

ನಮಗೆ ಅವಳು ಸಿಕ್ಕಿದ್ದು ಕಡಿಮೆ. ನಾಗರಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವುದು ನಮ್ಮಲ್ಲಿ ತಪ್ಪಿಸಬಾರದ ರೂಢಿ. ಅವ್ವ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಕಟ್ಟಿಕೊಟ್ಟು, "ಜೋಕಾಲಿ ಕಟ್ಟೇವಿ ಅಂತ ಹೇಳು, ಬರತಾಳ" ಎಂದು ನನ್ನನ್ನು ಅಟ್ಟುತ್ತಿದ್ದಳು. ಆದರೆ ಪಂಚಮಿ ಬರುವುದೇ ಹೊಸ ನೀರಿನ ಕಾಲಕ್ಕೆ, ವಾಂತಿಭೇದಿಯೂ ಆಗಲೇ. ಒಂದು ಸಲ ಹೋದಾಗ ಓಣಿಯ ಹೆಂಗಸರೆಲ್ಲ ಕಲ್ಲುನಾಗಪ್ಪನಿಗೆ ಹಾಲೆರೆಯುತ್ತಿದ್ದರು, ಅಕ್ಕ ಮಾತ್ರ ನಿಜವಾದ ಹಾವು ಕಚ್ಚಿದವನನ್ನು ಜೀಪಿಗೆ ಹತ್ತಿಸಿ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದಳು. ಉಂಡಿ ಡಬ್ಬಿ ಇಸಿದುಕೊಂಡು ಅಲ್ಲಿದ್ದ ರೋಗಿಗಳ ಮನೆಯವರಿಗೆ ಹಂಚಿದಳು. ಖಾಲಿ ಡಬ್ಬಿ ಕಳಿಸಬಾರದಲ್ಲ, ಅದರೊಳಗೆ ಓಆರ್‌ಎಸ್ ಪೊಟ್ಟಣ ತುಂಬಿ, "ನೀರು ಕುದಿಸಿ ಆರಿಸಿ ಕಲಸಬೇಕಂತ ಅವ್ವಗ ಹೇಳು" ಎಂದು ಬಸ್ಸು ಹತ್ತಿಸಿದಳು. ಅವ್ವ ಡಬ್ಬಿ ತೆರೆದು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಜೋಕಾಲಿಯಲ್ಲಿ ನನ್ನನ್ನೇ ಕೂರಿಸಿ ತೂಗಿದಳು.

ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಪೇಪರು ಓದಿ ಹೇಳಿದೆ. ಕಾಸು ಮುಟ್ಟದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದಾಕೆ. "ನಿನಗೂ ಕೊಡಬೇಕಿತ್ತು" ಅಂದರೆ, "ನಮಗ ತಿಂಗಳಾ ಪಗಾರ ಬರತಿತ್ತಲ್ಲೋ ಹುಚ್ಚಾ" ಅಂದಳು.

ನಿವೃತ್ತಿಯ ನಂತರ ಬಹಳ ಕಾಲ ಉಳಿಯಲಿಲ್ಲ. ಬಿಪಿ ಗುಳಿಗೆಯನ್ನು ಊರಿಗೆಲ್ಲ ನುಂಗಿಸಿದವಳು ತಾನು ಮರೆಯುತ್ತಿದ್ದಳು. ಮಣ್ಣಿಗೆ ನಾಲ್ಕೂ ತಾಲ್ಲೂಕಿನ ಜನ ಬಂದಿದ್ದರು, ನಮಗೆ ಅರ್ಧ ಮಂದಿಯ ಗುರುತೇ ಇಲ್ಲ. "ನಮ್ಮ ಮನ್ಯಾಗ ಮೂರು ಹೆರಿಗಿ ಇಕಿನ ಮಾಡಿಸ್ಯಾಳ", "ನಮ್ಮಲ್ಲಿ ನಾಕು" ಎಂದು ಇಬ್ಬರು ಮುದುಕಿಯರು ಅಳುತ್ತಲೇ ವಾದ ಹಚ್ಚಿದ್ದರು. ಮೀಸೆ ಹೊತ್ತ ಪೊಲೀಸನೊಬ್ಬ ಕಣ್ಣೊರೆಸಿಕೊಂಡು, "ಸೂಜಿ ಅಂದ್ರ ಇವತ್ತಿಗೂ ಅಂಜಿಕಿ ನನಗ, ಈ ಅಕ್ಕನಿಂದನ" ಎಂದ. ಅವಳ ಬಗ್ಗೆ ಆ ದಿನ ಕೇಳಿದ ಹೊಗಳಿಕೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅದೇ.

ಈಗಲೂ ಕುಷ್ಟಗಿ, ಯಲಬುರ್ಗಾ ಕಡೆಯ ಬಸ್ಸುಗಳಲ್ಲಿ ಲಸಿಕೆ ಡಬ್ಬಿ ಹೊತ್ತ ಹೆಣ್ಣುಮಗಳೊಬ್ಬಳು ನಿಂತಿರುವುದನ್ನು ನೋಡುತ್ತೇನೆ. ನಿಮಗೆ ಕಂಡರೆ ಎದ್ದು ಸೀಟು ಬಿಟ್ಟುಕೊಡಿ. ಡಬ್ಬಿ ಇಂಜಿನ್ ಪಕ್ಕ ಇಡಲು ಮಾತ್ರ ಹೇಳಬೇಡಿ. ಒಳಗಿನ ಲಸಿಕೆ ಎರಡರಿಂದ ಎಂಟು ಡಿಗ್ರಿಯಲ್ಲೇ ಇರಬೇಕು, ಮತ್ತು ಅವರು ನಿಜವಾಗಿಯೂ ಬೈಯುತ್ತಾರೆ.