ಬ್ಯಾಡಗಿಯ ಎಸ್‌ಟಿಡಿ ಬೂತ್

ತೊಂಬತ್ತರ ದಶಕದಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹತ್ತಿರ ಹಳದಿ ಬೋರ್ಡಿನ ಒಂದು ಎಸ್‌ಟಿಡಿ ಬೂತ್ ಇತ್ತು. ಪೋಲಿಯೊದಿಂದ ಒಂದು ಕಾಲು ಸೋತಿದ್ದ ಅಣ್ಣಾರೊಬ್ಬರು ಅದನ್ನು ನಡೆಸುತ್ತಿದ್ದರು. ಬೂತ್ ಹಂಚುವಾಗ ಅಂಗವಿಕಲರಿಗೆ ಆದ್ಯತೆ ಇದ್ದ ಕಾಲ ಅದು. ಟೆಂಡರ್ ದಿನ ದಲಾಲಿ ಅಂಗಡಿಯವರು ಗಾಜಿನ ಗೂಡಿನೊಳಗೆ ನಿಂತು ಗುಂಟೂರಿಗೆ ಫೋನ್ ಹಚ್ಚುತ್ತಿದ್ದರು. "ಇವತ್ತ ಅಲ್ಲೆ ಏನ್ ರೇಟ್ ಐತ್ರಿ?" ಎಂಬ ಮಾತು ಹೊರಗೆ ಕೂತ ರೈತರಿಗೂ ಕೇಳಿಸುತ್ತಿತ್ತು. ಉತ್ತರ ಮಾತ್ರ ಕೇಳಿಸುತ್ತಿರಲಿಲ್ಲ. ತಾವೇ ವಿಚಾರಿಸೋಣವೆಂದರೆ ಅವರ ಬಳಿ ಯಾರ ನಂಬರೂ ಇರಲಿಲ್ಲ. ಮೀಟರ್ ಓಡುವುದನ್ನು ನೋಡಿದರೆ ಧೈರ್ಯವೂ ಬರುತ್ತಿರಲಿಲ್ಲ.

2003ರಲ್ಲಿ ಮೊಬೈಲಿಗೆ ಒಳಬರುವ ಕರೆ ಪುಕ್ಕಟೆಯಾಯಿತು. ಟಾರ್ಚ್ ಇದ್ದ ನೋಕಿಯಾ 1100 ಬಂದದ್ದೂ ಆ ವರ್ಷವೇ. ರಾತ್ರಿ ಹೊಲಕ್ಕೆ ನೀರು ಹಾಯಿಸುವವರಿಗೆ ಆ ಬೆಳಕೊಂದೇ ಸಾಕಾಗಿತ್ತು. ಬರಬರುತ್ತ ರೈತರು ಮನೆಯಿಂದಲೇ ನಾಲ್ಕು ಕಡೆ ರೇಟು ಕೇಳಿ ಚೀಲ ಹೇರತೊಡಗಿದರು. ಬೂತ್ ಖಾಲಿಯಾಯಿತು.

ಅಣ್ಣಾರು ಗಾಜು ಕಿತ್ತು ಮೇಜು ಹಾಕಿದರು. ಟಾಪ್‌ಅಪ್, ಮೆಮೊರಿ ಕಾರ್ಡಿಗೆ ಹಾಡು ತುಂಬುವುದು ಶುರುವಾಯಿತು. ಎಸ್ಸೆಸ್ಸೆಲ್ಸಿ ಫೇಲಾಗಿ ಹುಬ್ಬಳ್ಳಿಯಲ್ಲಿ ರಿಪೇರಿ ಕಲಿತು ಬಂದ ಹುಡುಗನೊಬ್ಬ ಪಕ್ಕದಲ್ಲಿ ಕೂತ. ನಾನು ಹೈಸ್ಕೂಲಿನಲ್ಲಿ ಅವನಿಗೆ ವಿಜ್ಞಾನ ಕಲಿಸಿದ ಮೇಷ್ಟ್ರು. ಚಾರ್ಜ್ ಏರದ ಸೆಟ್ ಬಂದರೆ ಮೊದಲು ಜ್ಯಾಕಿನ ಧೂಳು ತೆಗೆಯುತ್ತಿದ್ದ, ಬ್ಯಾಟರಿಯ ವೋಲ್ಟೇಜ್ ನೋಡುತ್ತಿದ್ದ. ಅದೂ ಸರಿಯಿದ್ದರೆ ಮಲ್ಟಿಮೀಟರಿನ ಕಡ್ಡಿಗಳನ್ನು ಬೋರ್ಡಿನ ಮೇಲೆ ಅಲ್ಲಲ್ಲಿ ಇಟ್ಟು, ಬೀಪ್ ಸದ್ದಿನ ಜಾಡು ಹಿಡಿದು ಶಾರ್ಟ್ ಆದ ಜಾಗ ಪತ್ತೆ ಮಾಡುತ್ತಿದ್ದ. ಪರೀಕ್ಷೆಯಲ್ಲಿ ಒಲಿಯದ ಓಮ್‌ನ ನಿಯಮ ಅವನ ಕೈಯಲ್ಲಿ ಆಡುತ್ತಿತ್ತು. ವಿದ್ಯೆ ಎಂದರೆ ಇದೇ ಎಂದು ನಾನು ಇವತ್ತಿಗೂ ಹೇಳುತ್ತೇನೆ.

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿ ಪಾಠ ಫೋನಿಗೆ ಬಂದಾಗ ಮೂಲೆಗೆ ಬಿದ್ದಿದ್ದ ಫೋನುಗಳೆಲ್ಲ ಅವನ ಮೇಜಿಗೆ ಬಂದವು. "ನಮ್ಮ ಹುಡುಗಿ ಪಾಠ ನಿಂತಾವಪ್ಪ, ಹೆಂಗರ ಮಾಡಿ ಕೊಡು" ಎಂದು ತಾಯಂದಿರು ಕೇಳಿದರೆ ಸಾಮಾನಿನ ದುಡ್ಡಷ್ಟೇ ತೆಗೆದುಕೊಳ್ಳುತ್ತಿದ್ದ. ಫೋನೇ ಇಲ್ಲದ ಮಕ್ಕಳಿಗೆ ನಾವು ಸರ್ಕಾರದ ವಿದ್ಯಾಗಮ ಕಾರ್ಯಕ್ರಮದಲ್ಲಿ ಗುಡಿಕಟ್ಟೆಯ ಮೇಲೆ ಪಾಠ ಮಾಡಿದೆವು. ಅಂಥವರು ಬಹಳ ಮಂದಿ ಇದ್ದರು.

ಈಗ ರೀಚಾರ್ಜ್ ಎಲ್ಲರ ಕೈಯಲ್ಲೇ ಆಗುತ್ತದೆ, ಕಮಿಷನ್ ಹೋಯಿತು. ಹೊಸ ಫೋನುಗಳ ಬ್ಯಾಟರಿ ಒಳಗೇ ಅಂಟಿರುತ್ತದೆ, ಒರಿಜಿನಲ್ ಡಿಸ್‌ಪ್ಲೇ ಸಣ್ಣ ಅಂಗಡಿಗೆ ಸುಲಭವಾಗಿ ಸಿಗುವುದಿಲ್ಲ. ಕಂಪನಿಗಳು ಬಿಡಿಭಾಗಗಳನ್ನು ಈ ಅಂಗಡಿಗಳಿಗೂ ನ್ಯಾಯದ ಬೆಲೆಗೆ ಮಾರಬೇಕು. ತಾಲ್ಲೂಕಿನ ಐಟಿಐಗಳು ಇಂಥ ಹುಡುಗರನ್ನು ಕಲಿಸಲು ಕರೆಯಬೇಕು. ಮಾರ್ಕ್ಸ್ ಕಾರ್ಡ್ ಕೇಳಬಾರದು.