ಹಳದಿ ಬಣ್ಣದ ದಿನ

ನನ್ನ ತವರು ಗಂಗಾವತಿ ಕಡೆ, ಗಂಡನ ಮನೆ ಯಲಬುರ್ಗಾ ಕಡೆ. ಹೀಗಾಗಿ ಏಪ್ರಿಲ್‌ನಲ್ಲಿ ಮೋಡ ಕಂಡರೆ ದೇವರಿಗೆ ಏನೆಂದು ಬೇಡಿಕೊಳ್ಳಬೇಕೋ ನನಗೆ ತಿಳಿಯುವುದಿಲ್ಲ. ಯಲಬುರ್ಗಾ, ಕುಷ್ಟಗಿಯ ಒಣಭೂಮಿಗೆ ಒಂದು ಅಡ್ಡಮಳೆ ಬಿದ್ದರೆ ಹೊಲ ಹದಕ್ಕೆ ಬರುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆ ಹರಿಯುವ ಗಂಗಾವತಿಯಲ್ಲಿ ಅದು ಬೇಸಿಗೆ ಭತ್ತದ ಕೊಯ್ಲಿನ ಕಾಲ. 'ಅಶ್ವಿನಿ ಸಸ್ಯನಾಶಿನಿ' ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಶಾಲೆಗೆ ರಜೆ ಬಿಟ್ಟ ಮೇಲೆ ಒಮ್ಮೆ ತವರಿಗೆ ಹೋಗಿದ್ದೆ. ತಮ್ಮನ ನೆಲ್ಲು ಕಣದ ತುಂಬ ಒಣಗಲು ಹರವಿತ್ತು. ಅಂದು ಹವಾಮಾನ ಇಲಾಖೆಯವರು ನಮ್ಮ ಜಿಲ್ಲೆಗೆ ಹಳದಿ ಬಣ್ಣದ ಸೂಚನೆ ಕೊಟ್ಟಿದ್ದರು. ಕೆಂಪಾದರೆ ಯೋಚಿಸುವ ಕೆಲಸವಿಲ್ಲ, ಕಿತ್ತಳೆಯಾದರೆ ಸಿದ್ಧರಾಗಿರಬೇಕು. ಹಳದಿ ಎಂದರೆ 'ಗಮನವಿರಲಿ' ಎಂದಷ್ಟೇ. ಅದೂ ಕೊಪ್ಪಳ ಜಿಲ್ಲೆಗೆಲ್ಲ ಸೇರಿ ಒಂದೇ ಬಣ್ಣ. ಮೋಡ ಒಡೆಯುವುದು ಒಂದೆರಡು ಊರ ಮೇಲೆ.

"ಅಕ್ಕಾ, ನಿನ್ನ ಮೊಬೈಲು ಏನಂತೈತಿ? ರಾಶಿ ಮಾಡಿ ಮುಚ್ಚಿದ್ರ ಒಂದು ದಿನದ ಬಿಸಲು ಹೋಗತೈತಿ. ಬಿಟ್ರ, ತೊಯ್ದ ನೆಲ್ಲಿಗೆ ಯಾರು ರೇಟು ಕೊಡತಾರ?" ಎಂದ ತಮ್ಮ.

ಬೆಳಗಿನಿಂದ ಸೆಕೆ. ಕಾದ ನೆಲದಿಂದ ತೇವದ ಗಾಳಿ ಮೇಲೇರಿ, ಮಧ್ಯಾಹ್ನಕ್ಕೆ ಹೂಕೋಸಿನಂತಹ ಮೋಡ ಎದ್ದಿತ್ತು. ಆದರೂ ಧೈರ್ಯವಾಗಿ ಹೇಳುವಂತಿರಲಿಲ್ಲ. ಕೊನೆಗೆ ಅರ್ಧ ನೆಲ್ಲಿಗೆ ತಾಡಪತ್ರಿ ಹೊದಿಸಿ ಅರ್ಧ ಬಿಟ್ಟೆವು.

ಮೂರು ಗಂಟೆಗೆ ದೂರದಲ್ಲಿ ಮಿಂಚಿತು. ಮಕ್ಕಳಿಗೆ ಕಲಿಸುವ ಲೆಕ್ಕದಂತೆ ಎಣಿಸಿದೆ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರು. ಮೊದಲು 24, ಆಮೇಲೆ 18. ಪುಣೆಯ ವಿಜ್ಞಾನಿಗಳ 'ದಾಮಿನಿ' ಆಪ್‌ನಲ್ಲೂ ಹತ್ತಿರದಲ್ಲೇ ಸಿಡಿಲಿನ ಗುರುತು. ಗುಡುಗು ಕೇಳಿಸಿತೆಂದರೆ ಸಿಡಿಲು ನಮ್ಮವರೆಗೂ ಬರಬಹುದು. ಬಯಲು ಕಣದಲ್ಲಿ ನಾಲ್ವರು ಹೆಣ್ಣಾಳುಗಳಿದ್ದರು. ತಮ್ಮ ಉಳಿದದ್ದನ್ನೂ ಮುಚ್ಚಿರೆಂದು ಕೂಗುತ್ತಿದ್ದ.

"ನೆಲ್ಲು ತೊಯ್ದರ ತೊಯ್ಲಿ. ಮೊದಲು ಅವರನ್ನ ಮನಿಯೊಳಗ ಕರಿ" ಎಂದೆ. ಅವನ ಮುಖ ಸಣ್ಣದಾಯಿತು. ಆದರೂ ಕರೆದ.

ತಣ್ಣನೆಯ ಗಾಳಿ ಬೀಸಿತು, ಧೂಳೆದ್ದಿತು, ನಾಲ್ಕು ಹನಿ ಉದುರಿದವು. ಮೋಡ ಕುಷ್ಟಗಿಯ ಕಡೆ ಸರಿದು ಹೋಯಿತು. ನನಗೆ ನಾಚಿಕೆ.

"ಯಾಕ್ರೀ ಅಕ್ಕೋರ? ಮಳಿ ಬರಲಿಲ್ಲ, ಕುಂತು ಚಾ ಕುಡದ್ವಿ. ಏನ ಹೋತು?" ಎಂದಳು ಆಳುಗಳಲ್ಲೊಬ್ಬಳು.

ಅಮೆರಿಕದ ಬಯಲುಸೀಮೆಯಲ್ಲಿ ಬಿರುಗಾಳಿಯ ಬೆನ್ನುಹತ್ತಿ ಕಾರಿನಲ್ಲಿ ಹೋಗುವವರಿದ್ದಾರೆ. ಮೋಡ ಕೈಕೊಟ್ಟರೆ ಅವರಿಗೆ ನಿರಾಸೆ. ನಮಗೆ ಹಾಗಲ್ಲ. ಹಳದಿಯ ದಿನ ತಪ್ಪಿದರೆ ಹೋಗುವುದು ಒಂದು ಬಿಸಿಲು, ನಾಲ್ಕು ಲೋಟ ಚಹ. ನಿಜವಾದರೆ ಹೋಗುವುದನ್ನು ಯಾವ ರೇಟಿನಲ್ಲಿ ಅಳೆಯುವುದು?

ಮರುದಿನ ಬೆಳಿಗ್ಗೆ ನಾನು ಏಳುವುದಕ್ಕೂ ಮುಂಚೆ ತಮ್ಮ ಬಾಗಿಲಲ್ಲಿ ನಿಂತಿದ್ದ.

"ಅಕ್ಕಾ, ಇವತ್ತ ಯಾವ ಬಣ್ಣ?"